ಕಾರು ಓಡಿಸುವುದನ್ನು ಕಂತುಕಂತಾಗಿ ಬಿಟ್ಟದ್ದು

2022ರ ಕಾರ್ತಿಕ ಮಾಸದ ಒಂದು ಸೋಮವಾರ ನಾನೂ ನನ್ನ ಹೆಂಡತಿಯೂ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿಕೊಂಡು, ಕತ್ತಲಾದ ಮೇಲೆ ಮೈಸೂರಿಗೆ ಹಿಂತಿರುಗುತ್ತಿದ್ದೆವು. ಕಾರು ನಾನೇ ಓಡಿಸುತ್ತಿದ್ದೆ. ಆಗ ನನಗೆ ಎಪ್ಪತ್ತು ವರ್ಷ. ಆಚೆ ಬದಿಯಿಂದ ಬಂದ ಲಾರಿಯೊಂದರ ಹೈಬೀಮ್ ಕಣ್ಣಿಗೆ ಬಡಿದು, ಅದು ದಾಟಿ ಹೋದ ಮೇಲೂ ಕೆಲವು ಕ್ಷಣ ನನ್ನೆದುರು ಬಿಳಿಯ ಮಂಜಿನಂತಹದೇನೋ ಉಳಿದುಕೊಂಡಿತು. “ರೀ, ಟ್ರ್ಯಾಕ್ಟರ್!” ಎಂದು ಅವಳು ಕೂಗಿದ ಮೇಲೆಯೇ ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಹಿಂಬದಿಯ ದೀಪವಿಲ್ಲದ, ಕಬ್ಬು ಹೇರಿದ ಟ್ರೇಲರ್ ನಮ್ಮಿಂದ ಎರಡು ಮಾರು ದೂರದಲ್ಲಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ ಎಂಬ ಲೆಕ್ಕವನ್ನು ಅಂದು ರಾತ್ರಿ ಮನೆಯಲ್ಲಿ ಕುಳಿತು ಹಾಕಿದೆ.

ದೀಪ ಹಾಕದ ಟ್ರ್ಯಾಕ್ಟರಿನವನನ್ನು ಬೈದು ಸುಮ್ಮನಾಗಬಹುದಿತ್ತು. ಎರಡು ದಿನ ಹಾಗೆಯೇ ಮಾಡಿದೆ. ಆದರೆ ಅವಳಿಗೆ ಕಂಡದ್ದು ನನಗೇಕೆ ಕಾಣಲಿಲ್ಲ ಎಂಬ ಪ್ರಶ್ನೆ ಬಿಡಲಿಲ್ಲ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದವನಾದ್ದರಿಂದ ಒಂದು ಚಿಕ್ಕ ಪುಸ್ತಕ ತೆಗೆದು, ಕಾರು ಹೊರಟಾಗಲೆಲ್ಲ ಪಕ್ಕದಲ್ಲಿ ಕುಳಿತವರು ನನ್ನನ್ನು ಎಚ್ಚರಿಸಿದ ಸಂದರ್ಭಗಳನ್ನು ಬರೆದಿಡತೊಡಗಿದೆ. ಒಂದು ತಿಂಗಳಿಗೆ ಹನ್ನೊಂದು ನಮೂದುಗಳಾದವು: “ಬಲಗಡೆ ಸ್ಕೂಟರ್”, “ಸಿಗ್ನಲ್ ಕೆಂಪಾಯಿತು”, “ಹಂಪ್ ಇದೆ”, ಹೀಗೆ. ನಾನು ಒಬ್ಬನೇ ಓಡಿಸುತ್ತಿದ್ದೇನೆ ಎಂದುಕೊಂಡಿದ್ದ ಕಾರನ್ನು ವರ್ಷಗಳಿಂದ ಇಬ್ಬರು ಓಡಿಸುತ್ತಿದ್ದೆವು. ತನ್ನ ಚಾಲನೆ ಹೇಗಿದೆ ಎಂದು ತಿಳಿಯಬೇಕೆನ್ನುವ ನನ್ನ ಓರಗೆಯವರಿಗೆ ಈಗಲೂ ನಾನು ಹೇಳುವ ಪರೀಕ್ಷೆ ಇದೊಂದೇ.

ಕಣ್ಣಿನ ವೈದ್ಯರು ಎರಡೂ ಕಣ್ಣುಗಳಲ್ಲಿ ಪೊರೆ ಬಲಿತಿದೆ ಎಂದರು. ಪೊರೆ ಬಂದ ಕಣ್ಣಿನಲ್ಲಿ ಎದುರಿನ ದೀಪದ ಬೆಳಕು ಚದುರಿ ಸುತ್ತ ಬಳೆಯಂತೆ ಹರಡುತ್ತದೆ, ಹಗಲಿನಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ. ಒಂದೊಂದಾಗಿ ಎರಡೂ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಅಕ್ಷರದ ಹಲಗೆ ನೇರ ನೋಟವನ್ನಷ್ಟೇ ಅಳೆಯುತ್ತದೆಂದು ಹೇಳಿ ಅವರು ಪಕ್ಕನೋಟದ ಪರೀಕ್ಷೆಯನ್ನೂ ಮಾಡಿಸಿದರು; ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಲ್ಲಿ ಮೊದಲು ಕುಗ್ಗುವುದು ಅದೇ ಆದ್ದರಿಂದ, ನೇರ ನೋಟ ಚೆನ್ನಾಗಿರುವವರೂ ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ನಾನು ನುಂಗುತ್ತಿದ್ದ ಮಾತ್ರೆಗಳ ಪಟ್ಟಿಯನ್ನೂ ನೋಡಿ, ನೆಗಡಿಗೆಂದು ಅಂಗಡಿಯಿಂದ ನಾನೇ ತಂದುಕೊಳ್ಳುತ್ತಿದ್ದ, ಮಂಪರು ತರಬಹುದಾದ ಸೆಟ್ರಿಜಿನ್ ತೆಗೆದುಕೊಂಡ ದಿನ ಕಾರು ಮುಟ್ಟಬೇಡಿ ಎಂದರು.

ಶಸ್ತ್ರಚಿಕಿತ್ಸೆಯಾದ ವರ್ಷವೇ, ಅಂದರೆ 2023ರಲ್ಲಿ, ನನ್ನ ಚಾಲನಾ ಪರವಾನಗಿಯನ್ನು ನವೀಕರಿಸಬೇಕಿತ್ತು. ವಯಸ್ಸು 55 ದಾಟಿದವರಿಗೆ ಅದನ್ನು ಐದು ವರ್ಷಕ್ಕೆ ಕೊಡುತ್ತಾರೆ. 40 ದಾಟಿದವರು ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವನ್ನು ಸಲ್ಲಿಸಬೇಕು. ನನಗೆ ಅದನ್ನು ಬರೆದುಕೊಟ್ಟ ವೈದ್ಯರು ತಲೆ ಎತ್ತಿ ನನ್ನನ್ನು ಸರಿಯಾಗಿ ನೋಡಿದ್ದೂ ಇಲ್ಲ. ಎರಡು ನಿಮಿಷದಲ್ಲಿ ಸಹಿ ಬಿತ್ತು, 2028ರವರೆಗೆ ನಾನು ಕಾಗದದ ಮೇಲೆ ಸಮರ್ಥ ಚಾಲಕನಾದೆ. ಶಸ್ತ್ರಚಿಕಿತ್ಸೆಗೆ ಮೊದಲು ಹೋಗಿದ್ದರೂ ಆ ಸಹಿ ಸಿಗುತ್ತಿತ್ತೆಂದೇ ನನ್ನ ಅನುಮಾನ. ಸರ್ಕಾರದ ಪರೀಕ್ಷೆ ಇಷ್ಟೇ ಎಂದಾದ ಮೇಲೆ ನನ್ನ ಪುಸ್ತಕದ ಪರೀಕ್ಷೆಯನ್ನೇ ನಾನು ಮುಂದುವರಿಸಬೇಕಾಯಿತು.

ಕಣ್ಣು ತಿಳಿಯಾದರೂ ಪುಸ್ತಕದಲ್ಲಿ ನಮೂದುಗಳು ನಿಲ್ಲಲಿಲ್ಲ, ಕಡಿಮೆಯಾದವಷ್ಟೆ. ಉಳಿದವುಗಳಲ್ಲಿ ಹೆಚ್ಚಿನವು ವೃತ್ತಗಳವು. ಮೈಸೂರು ವೃತ್ತಗಳ ಊರು. ವೃತ್ತದೊಳಗೆ ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು ಇರುವುದರಿಂದ ಒಳಗೆ ಹೋಗುವವನು ಬಲಕ್ಕೆ ಚೆನ್ನಾಗಿ ತಿರುಗಿ ನೋಡಲೇಬೇಕು, ನನ್ನ ಕತ್ತು ಅಷ್ಟು ತಿರುಗುತ್ತಿರಲಿಲ್ಲ. ಫಿಸಿಯೊಥೆರಪಿಯಿಂದ ಸ್ವಲ್ಪ ಸಡಿಲವಾಯಿತು. ಆದರೂ ಅಗ್ರಹಾರ ವೃತ್ತದಲ್ಲಿ ಸಂಜೆಯ ಹೊತ್ತು ಆಟೊ, ಬೈಕುಗಳು ಒಟ್ಟಿಗೆ ನುಗ್ಗುವಾಗ ಕತ್ತಿಗಿಂತ ಹೆಚ್ಚಾಗಿ ಮನಸ್ಸು ಹಿಂದೆ ಬೀಳುತ್ತಿತ್ತು. ಯಾವುದನ್ನು ಮೊದಲು ಗಮನಿಸಬೇಕೆಂದು ತೀರ್ಮಾನಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಇದಕ್ಕೆ ಮಾತ್ರೆಯೂ ಇಲ್ಲ, ಕನ್ನಡಕವೂ ಇಲ್ಲ.

ಒಮ್ಮೆಗೇ ಬಿಟ್ಟಿದ್ದರೆ ಹದಿನೈದು ದಿನದಲ್ಲಿ ಮತ್ತೆ ಕೀಲಿ ಹಿಡಿಯುತ್ತಿದ್ದೆ. ಆದ್ದರಿಂದ ಒಂದೊಂದೇ ಪ್ರಯಾಣವನ್ನು ಬಿಟ್ಟೆ; ಬದಲಿ ದಾರಿಯಲ್ಲಿ ಕನಿಷ್ಠ ಮೂರು ಸಲ ಹೋಗಿಬಂದ ಮೇಲೆಯೇ ಆ ಪ್ರಯಾಣವನ್ನು ಕಾರಿನ ಲೆಕ್ಕದಿಂದ ಕಳೆಯುವುದೆಂದು ನಿಯಮ ಮಾಡಿಕೊಂಡೆ. ಮೊದಲು ಹೋದದ್ದು ರಾತ್ರಿಯ ಓಡಾಟ. ಎರಡನೆಯದು ಬೆಂಗಳೂರು. ಹೊಸ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿಯಿದೆ. ಎಪ್ಪತ್ತರಲ್ಲಿ ಹೋಗುವ ನನ್ನನ್ನು ಹಿಂದಿನವರು ಸಹಿಸುತ್ತಿರಲಿಲ್ಲ, ನೂರರಲ್ಲಿ ಹೋಗಲು ನನ್ನನ್ನು ನಾನೇ ನಂಬುತ್ತಿರಲಿಲ್ಲ. ಈಗ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ, ಬೆಂಗಳೂರು ನಿಲ್ದಾಣದ ಬಳಿಯೇ ನೇರಳೆ ಮಾರ್ಗದ ಮೆಟ್ರೊ ಹತ್ತಿ, ನಡುವೆ ಎಲ್ಲೂ ಬದಲಾಯಿಸದೆ ಇಂದಿರಾನಗರದಲ್ಲಿ ಇಳಿದರೆ ಮಗಳ ಮನೆ ಹತ್ತಿರ. ಪ್ಲಾಟ್‌ಫಾರಂ ಮತ್ತು ಬೋಗಿಯ ನೆಲ ಸಮವಾಗಿರುವ ಮೆಟ್ರೊ ಮಂಡಿನೋವಿನವರಿಗೆ ರೈಲಿಗಿಂತಲೂ ಸುಲಭ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದವರು ಮತ್ತೆ ಕೊಡಲಿಲ್ಲವೆಂಬ ಅಸಮಾಧಾನ ನನಗೆ ಇದ್ದೇ ಇದೆ.

ಊರೊಳಗಿನ ಓಡಾಟಕ್ಕೆ ಸಿಟಿ ಬಸ್ಸನ್ನು ಹೊಸದಾಗಿ ಕಲಿಯಬೇಕಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಡತಿಗೆ ಶೂನ್ಯ ಟಿಕೆಟ್, ನನಗೆ ಮಾತ್ರ ಹಣದ ಟಿಕೆಟ್. ಕಂಡಕ್ಟರ್ ಇಬ್ಬರಿಗೂ ಟಿಕೆಟ್ ಹರಿಯುವಾಗ ಅವಳು ನನ್ನತ್ತ ನೋಡುವ ನೋಟವೇ ಬೇರೆ. ಬೆಳಿಗ್ಗೆ ಹತ್ತೂವರೆಯ ಮೇಲೆ, ಶಾಲೆ ಬಿಡುವ ಮೊದಲು ಹೋಗಿಬಂದರೆ ಸೀಟು ಸಿಗುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರವಾದ್ದರಿಂದ ಚೀಲವನ್ನು ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡು ಎರಡೂ ಕೈಗಳನ್ನು ಕಂಬಿಗೆ ಬಿಟ್ಟುಕೊಳ್ಳುವುದು, ಬಸ್ಸು ಪೂರ್ತಿ ನಿಲ್ಲುವವರೆಗೆ ಸೀಟಿನಿಂದ ಏಳದಿರುವುದು, ಇವೆರಡನ್ನೂ ಒಮ್ಮೆ ಮುಗ್ಗರಿಸಿದ ಮೇಲೆ ಅಭ್ಯಾಸ ಮಾಡಿಕೊಂಡೆ. ಆಸ್ಪತ್ರೆಗೆ, ಮದುವೆಮನೆಗೆ, ಸಂಜೆಯ ಸಂಗೀತ ಕಚೇರಿಗೆ ಬೀದಿಯ ಕೊನೆಯಲ್ಲಿ ನಿಲ್ಲುವ ಇಬ್ಬರು ಆಟೊದವರ ನಂಬರುಗಳಿವೆ. ಕಾದು ನಿಲ್ಲುವುದಕ್ಕೆ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳುತ್ತೇನೆ. ನಡುರಾತ್ರಿಯ ತುರ್ತಿಗೆ 108ರ ಜೊತೆಗೆ ಪಕ್ಕದ ಮನೆಯವರಿಗೂ ಮೊದಲೇ ಹೇಳಿಟ್ಟಿದ್ದೇನೆ.

2024ರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿ ನೋಂದಣಿಯ ಅವಧಿ ಮುಗಿಯುವುದಿತ್ತು. ವಿಮೆ, ಸರ್ವಿಸ್, ಪೆಟ್ರೋಲ್, ಟೈರು ಎಲ್ಲ ಕೂಡಿಸಿದಾಗ ಅದಕ್ಕೆ ವರ್ಷಕ್ಕೆ ಹತ್ತಿರಹತ್ತಿರ 60,000 ರೂಪಾಯಿ ಹೋಗುತ್ತಿತ್ತು, ಅಂದರೆ ತಿಂಗಳಿಗೆ 5,000. ಆಟೊಗೆ ಇನ್ನೂರು ರೂಪಾಯಿ ಕೊಡಲು ಕೈ ಹಿಂದೆಗೆಯುತ್ತಿದ್ದ ನನಗೆ ಈ ಲೆಕ್ಕ ತುಂಬ ಸಹಾಯ ಮಾಡಿತು. ಆ 5,000ವನ್ನು ತಿಂಗಳ ಮೊದಲ ದಿನ ಬೇರೆ ಲಕೋಟೆಯಲ್ಲಿಟ್ಟು ಓಡಾಟಕ್ಕೆಂದೇ ಖರ್ಚು ಮಾಡುತ್ತೇನೆ, ತಿಂಗಳ ಕೊನೆಗೆ ಸ್ವಲ್ಪ ಮಿಗುವುದೇ ಹೆಚ್ಚು. ಕಾರನ್ನು ಮಾರುವವರು ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿದ್ದಕ್ಕೇ ತೃಪ್ತರಾಗದೆ, ನೋಂದಣಿ ಕೊಂಡವರ ಹೆಸರಿಗೆ ವರ್ಗವಾಯಿತೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಅದರ ಅಪಘಾತ, ದಂಡಗಳ ಕಾಗದ ಬರುವುದು ನಿಮ್ಮ ಮನೆಗೇ.

ಬಗೆಹರಿಯದೆ ಉಳಿದದ್ದು ಹುಣಸೂರಿನ ಕಡೆಯ ನಮ್ಮ ಹಳ್ಳಿ. ಬಸ್ಸು ಹೆದ್ದಾರಿಯ ಗೇಟಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಆಟೊ ಬರುವುದಿಲ್ಲ. ತಮ್ಮನ ಮಗ ಬಿಡುವಾಗಿದ್ದರೆ ಬೈಕಿನಲ್ಲಿ ಬಂದು “ದೊಡ್ಡಪ್ಪ, ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದು ಕರೆದುಕೊಂಡು ಹೋಗುತ್ತಾನೆ, ಆದರೆ ಮಂಡಿನೋವಿನ ನನ್ನ ಹೆಂಡತಿಗೆ ಬೈಕು ಹತ್ತಲಾಗುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಇಬ್ಬರೂ ಹೋಗುತ್ತಿದ್ದ ಊರಿಗೆ ಈಗ ಹಬ್ಬಕ್ಕೊಮ್ಮೆ ಬಾಡಿಗೆ ಕಾರು ಮಾಡಿಕೊಂಡು ಹೋಗುತ್ತೇವೆ.