ಹಾಲು ಸೀದರೂ ಗೊತ್ತಾಗದ ಗಂಡ

ಆತ ಮೊದಲ ಸಲ ನನ್ನ ಒಪಿಡಿಗೆ ಬಂದಾಗ 22 ವರ್ಷ. ಜೊತೆಗೆ ಅಪ್ಪ. ‘ಮೀಸೆ ಬಂದಿಲ್ಲ ಡಾಕ್ಟ್ರೇ, ದನಿ ಒಡೆದಿಲ್ಲ, ನೆಂಟರ ಮನೆಗೆ ಹೋಗೋಕೆ ಒಲ್ಲೆ ಅಂತಾನೆ’ ಎಂದರು.

ವೃಷಣದ ಗಾತ್ರ ಅಳೆಯಲು ನಮ್ಮ ಹತ್ತಿರ ಒಂದು ಮಣಿಸರ ಇರುತ್ತದೆ. 1ರಿಂದ 25 ಮಿಲಿಲೀಟರ್‌ವರೆಗೆ ಹನ್ನೆರಡು ಮಣಿ. ಬೆಳೆದ ಗಂಡಸಿಗೆ ಸಾಮಾನ್ಯವಾಗಿ 15ರ ಮಣಿಯೋ ಅದಕ್ಕಿಂತ ದೊಡ್ಡದೋ ಹೊಂದುತ್ತದೆ. ಈತನಿಗೆ 3ರ ಮಣಿ. ಗಂಡಸುತನದ ಹಾರ್ಮೋನು ಟೆಸ್ಟೋಸ್ಟಿರಾನ್ ತೀರಾ ಕಡಿಮೆ. ವೃಷಣವನ್ನು ಎಬ್ಬಿಸಬೇಕಾದ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕೂಡ ಕಡಿಮೆ. ಅಂದರೆ ತೊಂದರೆ ಕೆಳಗಲ್ಲ, ತಲೆಯಲ್ಲಿ. ಕಣ್ಣು ಮುಚ್ಚಿಸಿ ಕಾಫಿಪುಡಿ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ‘ಏನೂ ಇಲ್ವಲ್ಲ ಸರ್’ ಅಂದ. ಕಾಲ್ಮನ್ ಸಿಂಡ್ರೋಮ್.

ಮೂಗಿಗೂ ಮೀಸೆಗೂ ಏನು ಸಂಬಂಧ ಎಂದರು ಅಪ್ಪ. ಪಿಟ್ಯುಟರಿಯನ್ನು ಎಬ್ಬಿಸಿ ಇಡೀ ಸಂತಾನ ವ್ಯವಸ್ಥೆಗೆ ಚಾಲನೆ ಕೊಡುವ ಹಾರ್ಮೋನು ಜಿಎನ್‌ಆರ್‌ಎಚ್, ಬರೀ ಹತ್ತು ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡ್. ಅದನ್ನು ತಯಾರಿಸುವ ನರಕೋಶಗಳು ಭ್ರೂಣದ ಮೂಗಿನ ಜಾಗದಲ್ಲಿ ಹುಟ್ಟಿ, ವಾಸನೆಯ ನರಗಳ ಗುಂಟ ಸಾಗಿ ಮಿದುಳಿನ ಹೈಪೊಥಲಾಮಸ್ ಸೇರಬೇಕು. ದಾರಿ ತಪ್ಪಿದರೆ ವಾಸನೆಯೂ ಇಲ್ಲ, ಹರೆಯವೂ ಇಲ್ಲ.

ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಶುರು ಮಾಡಿದೆ. ಮೀಸೆ ಬಂತು, ದನಿ ಒಡೆಯಿತು, ಮದುವೆಯೂ ಆಯಿತು. ಅದು ತಪ್ಪು ಚಿಕಿತ್ಸೆಯಲ್ಲ. ಆದರೆ ಇದರಿಂದ ಮೀಸೆ ಬರುತ್ತದೆ, ವೀರ್ಯಾಣು ಬರುವುದಿಲ್ಲ ಎಂದು ಬಿಡಿಸಿ ಹೇಳಿರಲಿಲ್ಲ. ಅದು ನನ್ನ ತಪ್ಪು. ಒಂಬತ್ತು ವರ್ಷದ ಮೇಲೆ ಹೆಂಡತಿಯ ಜೊತೆ ಬಂದ. ಆಕೆಯ ಸ್ಕ್ಯಾನ್, ರಕ್ತಪರೀಕ್ಷೆಗಳದ್ದೇ ಒಂದು ದಪ್ಪ ಫೈಲು. ಈತನ ವೀರ್ಯ ಪರೀಕ್ಷೆ ಮಾಡಿಸಿದ್ದು ಎಲ್ಲದರ ಕೊನೆಗೆ. ವೀರ್ಯಾಣು ಸೊನ್ನೆ. ‘ಹಾಲು ಉಕ್ಕಿ ಸೀದು ಮನೆಯೆಲ್ಲ ಹೊಗೆ ಆದ್ರೂ ಪಕ್ಕದಲ್ಲೇ ಪೇಪರ್ ಓದ್ತಿರ್ತಾರೆ ಸರ್’ ಎಂದರು ಆಕೆ. ಮದುವೆಯಾದ ಹೊಸತರಲ್ಲಿ ಬೇಕಂತಲೇ ಸುಮ್ಮನಿರುತ್ತಾರೆ ಅಂದುಕೊಂಡಿದ್ದರಂತೆ.

ಇಲ್ಲದ್ದನ್ನೇ ಕೊಟ್ಟರಾಯಿತಲ್ಲ ಅನ್ನಿಸಬಹುದು. ಆದರೆ ಜಿಎನ್‌ಆರ್‌ಎಚ್ ನಲ್ಲಿಯ ನೀರಿನಂತೆ ಹರಿಯುವುದಿಲ್ಲ, ಒಂದೂವರೆ-ಎರಡು ಗಂಟೆಗೊಮ್ಮೆ ಮಿಡಿಯುತ್ತದೆ. 1978ರಲ್ಲಿ ಪಿಟ್ಸ್‌ಬರ್ಗ್‌ನ ಅರ್ನ್ಸ್ಟ್ ನೋಬಿಲ್ ತಂಡ ಕೋತಿಗಳಲ್ಲಿ ಇದನ್ನು ತೋರಿಸಿತು: ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಏಳುತ್ತದೆ, ಬಿಡದೆ ಹರಿಸಿದರೆ ಮಲಗಿಬಿಡುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಹಾಗೆ ಮಲಗಿಸುವ ಔಷಧಿಯೇ. ಮಿಡಿತದಂತೆ ಕೊಡಲು ಹಗಲೂ ರಾತ್ರಿ ಪಂಪ್ ಕಟ್ಟಿಕೊಂಡಿರಬೇಕು. ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುವವನಿಗೆ ಅದೆಲ್ಲಿ ಆಗುತ್ತದೆ?

ಹಾಗಾಗಿ ಒಂದು ಮೆಟ್ಟಿಲು ಕೆಳಗಿಳಿದೆ. ಟೆಸ್ಟೋಸ್ಟಿರಾನ್ ನಿಲ್ಲಿಸಿ, ಎಲ್‌ಎಚ್ ಬದಲಿಗೆ ಅದರಂತೆಯೇ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನ್, ವಾರಕ್ಕೆ ಎರಡು ಸಲ. ಆರು ತಿಂಗಳ ನಂತರ ಎಫ್‌ಎಸ್‌ಎಚ್ ಸೇರಿಸಿದೆ. ಚುಚ್ಚುವುದು ಹೆಂಡತಿ, ಫ್ರಿಜ್ ಬಾಗಿಲಿನ ಮೇಲೆ ಕ್ಯಾಲೆಂಡರ್, ಪ್ರತಿ ಇಂಜೆಕ್ಷನ್‌ಗೂ ಕುಂಕುಮದ ಬೊಟ್ಟು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಅವಸರ ನಡೆಯುವುದಿಲ್ಲ. ಮಣಿ 3ರಿಂದ 5ಕ್ಕೆ, ಆಮೇಲೆ 8ಕ್ಕೆ ಬಂತು. ಹದಿನಾಲ್ಕನೇ ತಿಂಗಳು ಲ್ಯಾಬಿನಿಂದ ಫೋನು: ‘ಸರ್, ಸ್ಲೈಡಿನಲ್ಲಿ ನಾಲ್ಕು ಓಡಾಡ್ತಿವೆ.’ ನಾನೇ ಹೋಗಿ ನೋಡಿದೆ. ಇಂಥವರಲ್ಲಿ ಸಂಖ್ಯೆ ಕಡಿಮೆಯಿದ್ದರೂ ಗರ್ಭ ನಿಲ್ಲುವುದುಂಟು. ಮುಂದಿನ ವರ್ಷ ತಾನಾಗೇ ನಿಂತಿತು.

ಗಂಡುಮಗು. ‘ಇವನಿಗೂ ಬರುತ್ತಾ ಸರ್?’ ಎಂದ. ಬರಬಹುದಾದ ಕಾಯಿಲೆಯೇ. ಆದರೆ ಹುಟ್ಟಿದ ಮೊದಲ ಕೆಲವು ತಿಂಗಳು ಗಂಡುಮಕ್ಕಳಲ್ಲಿ ಈ ಹಾರ್ಮೋನುಗಳೆಲ್ಲ ಒಮ್ಮೆ ಎದ್ದು, ಹರೆಯದವರೆಗೆ ಮತ್ತೆ ಮಲಗುತ್ತವೆ. ಎರಡನೇ ತಿಂಗಳಲ್ಲಿ ರಕ್ತ ತೆಗೆಸಿದೆ. ಎಲ್‌ಎಚ್, ಟೆಸ್ಟೋಸ್ಟಿರಾನ್ ಎರಡೂ ಎದ್ದಿದ್ದವು. ಅಂದರೆ ಇವನಲ್ಲಿ ದಾರಿ ತಪ್ಪಿದ ಲಕ್ಷಣವಿಲ್ಲ.

‘ಹಾಗಾದ್ರೆ ಹಾಲು ಉಕ್ಕಿದ್ರೆ ಒಲೆ ಆರಿಸೋಕೆ ಇವನೊಬ್ಬ ಆದ’ ಎಂದರು ಆಕೆ, ಮಗುವಿನ ಟೋಪಿ ಸರಿಮಾಡುತ್ತ.