ಏಳಿಂಚಿನ ಟಿವಿಗೆ ಎಣ್ಣೆ ತುಂಬಿದ ಭೂತಗನ್ನಡಿ

ಚಿಕ್ಕ ಪರದೆಯ ಹಳೆಯ ಟಿವಿಯ ಚಿತ್ರ ದೊಡ್ಡದಾಗಿ ಕಾಣಲೆಂದು ಅದರ ಮುಂದೆ ನಿಲ್ಲಿಸುವ, ಒಳಗೆ ದ್ರವ ತುಂಬಿದ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಭೂತಗನ್ನಡಿ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಗೀರುಗಳ ಮೇಲೆ. ನಾನು ನೋಡುವುದು ಅಂಚಿನ ಬೆಸುಗೆ. ಹೊರಮೈಯ ಗೀರು ಉಜ್ಜಿದರೆ ಹೋಗುತ್ತದೆ. ಆದರೆ ಉಬ್ಬಿದ ಮುಂಭಾಗವನ್ನೂ ಚಪ್ಪಟೆ ಹಿಂಭಾಗವನ್ನೂ ಹಿಡಿದಿರುವ ಅಂಟು ಬಿಟ್ಟು, ಸಂದಿಗೆ ಎಣ್ಣೆ ಇಳಿದಿದ್ದರೆ ಅದನ್ನು ಮತ್ತೆ ಬೆಸೆಯುವುದು ಬಲು ಕಷ್ಟ. ಅಕ್ರಿಲಿಕ್ ಬೆಸೆಯುವ ದ್ರಾವಣ ಎಣ್ಣೆ ಕಂಡ ಜಾಗದಲ್ಲಿ ಹಿಡಿಯುವುದೇ ಇಲ್ಲ.

ಈ ಲೆನ್ಸುಗಳ ಕಾಲ ಚಿಕ್ಕದು. ಅಮೆರಿಕದ ಹ್ಯಾಲಿಕ್ರಾಫ್ಟರ್ಸ್ ಟಿ-54, ಮೊಟೊರೋಲಾ ವಿಟಿ-71 ಎರಡೂ 7 ಇಂಚಿನ ಸೆಟ್ಟುಗಳು. ಪೈಲಟ್ ಟಿವಿ-37ರದು ಬರೀ 3 ಇಂಚು. ಸೋವಿಯತ್ ಒಕ್ಕೂಟದ ಕೆವಿಎನ್-49ರ ಚಿತ್ರ 14 ಸೆಂ.ಮೀ. ಅಗಲ, 10.5 ಸೆಂ.ಮೀ. ಎತ್ತರ. ದೊಡ್ಡ ಪಿಕ್ಚರ್ ಟ್ಯೂಬ್ ಅಗ್ಗವಾಗುತ್ತಿದ್ದಂತೆ ಲೆನ್ಸು ಅಟ್ಟ ಸೇರಿತು. ಸ್ಟ್ಯಾಂಡು, ಸರಳು, ನೇತುಹಾಕುವ ಪಟ್ಟಿ ಇವೆಲ್ಲ ಜೊತೆಗಿದ್ದರೆ ಮಾತ್ರ ಪೂರ್ತಿ ಬೆಲೆ ಕೊಡುತ್ತೇನೆ. ಬಿಡಿ ಸ್ಟ್ಯಾಂಡು ಸಿಗುವುದು ಲೆನ್ಸು ಸಿಗುವುದಕ್ಕಿಂತ ಅಪರೂಪ.

ಕೈಗೆ ಬಂದ ಮೇಲೆ ಮೊದಲ ಕೆಲಸ ಒಳಗಿರುವ ದ್ರವ ಯಾವುದು ಎಂದು ತಿಳಿಯುವುದು. ಅಮೆರಿಕದವುಗಳಲ್ಲಿ ಹೆಚ್ಚಾಗಿ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ತಿಳಿಯಾದ ಎಣ್ಣೆ), ಕೆವಿಎನ್ ಲೆನ್ಸಿನಲ್ಲಿ ಡಿಸ್ಟಿಲ್ಡ್ ವಾಟರ್ ಅಥವಾ ಗ್ಲಿಸರಿನ್. ಎರಡು ಹನಿ ತೆಗೆದು ಒಂದು ಲೋಟ ನೀರಿಗೆ ಬಿಡಿ. ತೇಲಿದರೆ ಎಣ್ಣೆ, ದಾರದಂತೆ ಕೆಳಗಿಳಿದು ಕರಗಿದರೆ ಗ್ಲಿಸರಿನ್. ಇದು ಗೊತ್ತಾಗದೆ ಮೇಲಿಂದ ಏನನ್ನೂ ತುಂಬಬಾರದು. ಎಣ್ಣೆಯ ಕೆಳಗೆ ನೀರು ಸೇರಿದರೆ ಚಿತ್ರದ ಮೇಲೆ ಅಡ್ಡಗೆರೆ ನಿಲ್ಲುತ್ತದೆ, ನೀರಿನಲ್ಲಿ ಪಾಚಿಯೂ ಕಟ್ಟೀತು.

ದ್ರವ ಬದಲಾದರೆ ಲೆನ್ಸಿನ ಶಕ್ತಿಯೇ ಬದಲಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) 1.33, ಎಣ್ಣೆ, ಗ್ಲಿಸರಿನ್ ಎರಡರದೂ ಸುಮಾರು 1.47, ಅಂದರೆ ಅಕ್ರಿಲಿಕ್‌ನ 1.49ಕ್ಕೆ ತೀರಾ ಹತ್ತಿರ. ಲೆಕ್ಕ ಹೀಗೆ: 30 ಸೆಂ.ಮೀ. ವ್ಯಾಸದ ಲೆನ್ಸಿನ ಉಬ್ಬು ನಡುವೆ 7.5 ಸೆಂ.ಮೀ. ಇದ್ದರೆ ವಕ್ರತಾ ತ್ರಿಜ್ಯ 18.75 ಸೆಂ.ಮೀ. ಅದನ್ನು, ಸೂಚ್ಯಂಕದಲ್ಲಿ 1 ಕಳೆದು ಉಳಿಯುವ 0.47ರಿಂದ ಭಾಗಿಸಿದರೆ ಎಣ್ಣೆ ತುಂಬಿದಾಗಿನ ಸಂಗಮದೂರ (ಲೆನ್ಸು ಬೆಳಕನ್ನು ಒಂದೆಡೆ ಕೂಡಿಸುವ ದೂರ) 40 ಸೆಂ.ಮೀ., 0.33ರಿಂದ ಭಾಗಿಸಿದರೆ ನೀರು ತುಂಬಿದಾಗಿನದು ಸುಮಾರು 57 ಸೆಂ.ಮೀ. ಪರದೆಯಿಂದ 15 ಸೆಂ.ಮೀ. ಮುಂದೆ ನಿಲ್ಲಿಸಿದರೆ ಎಣ್ಣೆಯಲ್ಲಿ ಚಿತ್ರ 1.6 ಪಟ್ಟು, ನೀರಿನಲ್ಲಿ ಸುಮಾರು 1.36 ಪಟ್ಟು. 7 ಇಂಚು ಒಂದರಲ್ಲಿ 11 ಇಂಚಾದರೆ ಇನ್ನೊಂದರಲ್ಲಿ ಒಂಬತ್ತೂವರೆ.

ತುಂಬಲು ನಾನು ಬಳಸುವುದು ಲೈಟ್ ಲಿಕ್ವಿಡ್ ಪ್ಯಾರಾಫಿನ್, ಅಂದರೆ ತೆಳುವಾದ ಮಿನರಲ್ ಆಯಿಲ್. ತಿಳಿಯಾಗಿರುತ್ತದೆ, ಗುಳ್ಳೆ ಬೇಗ ಮೇಲೇರುತ್ತದೆ. ಅಡುಗೆ ಎಣ್ಣೆ ಕಮಟಾಗಿ ಹಳದಿ ತಿರುಗುತ್ತದೆ, ಬೇಬಿ ಆಯಿಲ್‌ನಲ್ಲಿ ಸುವಾಸನೆ ಬೆರೆತಿರುತ್ತದೆ, ಎರಡೂ ಬೇಡ. ಮೇಲೆ ಹೇಳಿದ ಅಳತೆಗೆ ಸುಮಾರು 2.9 ಲೀಟರ್ ಹಿಡಿಯುತ್ತದೆ, ತೂಕ ಎರಡೂವರೆ ಕಿಲೋ. ಅದೇ ಗ್ಲಿಸರಿನ್ ಆದರೆ 3.6 ಕಿಲೋ. ಹಳೆಯ ಸ್ಟ್ಯಾಂಡು ಅಷ್ಟು ಭಾರ ತಾಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಳೆಯದನ್ನು ಬಸಿದು, ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಒಳಗೆಲ್ಲ ಕುಲುಕಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡಿಸಿ, ತಲೆಕೆಳಗಾಗಿಟ್ಟು ಪೂರಾ ಒಣಗಿಸುತ್ತೇನೆ. ಸ್ಪಿರಿಟ್, ಅಸಿಟೋನ್, ಥಿನ್ನರ್ ಹತ್ತಿರ ಸುಳಿಯಕೂಡದು. ಹಳೆಯ ಅಕ್ರಿಲಿಕ್ ಕ್ಷಣದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ತುಂಬುವಾಗ ಬಾಯಿ ಮೇಲಿರಲಿ, ಸಣ್ಣ ಟ್ಯೂಬಿನ ತುದಿ ತಳ ಮುಟ್ಟಲಿ. ಮೇಲಿನಿಂದ ಸುರಿದರೆ ಗಾಳಿ ಬೆರೆತು ಗುಳ್ಳೆಯೋ ಗುಳ್ಳೆ. ಮುಚ್ಚುವ ಮುನ್ನ ಒಂದು ರಾತ್ರಿ ಬಿಡಿ.

ಕಂಠಪೂರ್ತಿ ತುಂಬಬೇಡಿ. ಬೆಸುಗೆ ಬಿಡುವುದಕ್ಕೆ ದೊಡ್ಡ ಕಾರಣವೇ ಇದು. 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ 2.9 ಲೀಟರ್ ಎಣ್ಣೆ 40 ಮಿ.ಲೀ.ಗಿಂತ ಹೆಚ್ಚು ಹಿಗ್ಗುತ್ತದೆ. ಅಕ್ರಿಲಿಕ್ ಕೂಡ ಸ್ವಲ್ಪ ಹಿಗ್ಗುತ್ತದಾದರೂ ಎಣ್ಣೆ ಹಿಗ್ಗುವುದಕ್ಕಿಂತ ಹೆಚ್ಚು ಗಾಳಿಯ ಜಾಗ ಉಳಿಸಿ. ಆ ಗುಳ್ಳೆ ಚೌಕಟ್ಟಿನ ಮೇಲಂಚಿನಲ್ಲಿ ಬಹುಪಾಲು ಮರೆಯಾಗುತ್ತದೆ. ಬಿರಡೆಗೆ ನೈಟ್ರೈಲ್ ರಬ್ಬರ್ ಹಾಕಿ. ಮಾಮೂಲಿ ರಬ್ಬರ್ ಮಿನರಲ್ ಆಯಿಲ್‌ನಲ್ಲಿ ಊದಿ ಮೆತ್ತಗಾಗುತ್ತದೆ. ಗ್ಲಿಸರಿನ್‌ಗೆ ಯಾವುದಾದರೂ ನಡೆಯುತ್ತದೆ.

ಹೊರಮೈ ಗೀರಿಗೆ 1000, 1500, 2000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಕೈಯಲ್ಲೇ ಮಾಡಿ. ಮೆಷಿನ್ ಬಫಿಂಗ್‌ನ ಬಿಸಿಗೆ ಅಕ್ರಿಲಿಕ್ ಮೆತ್ತಗಾಗಿ ಅಲೆ ಬಂತೆಂದರೆ ಆ ಅಲೆ ಚಿತ್ರದಲ್ಲೂ ಕಾಣುತ್ತದೆ.

ಟಿವಿಯ ಮುಂದೆ ನಿಲ್ಲಿಸುವಾಗ ಚಪ್ಪಟೆ ಮೈ ಪರದೆಯ ಕಡೆಗಿರಲಿ, ಲೆನ್ಸಿನ ನಡು ಚಿತ್ರದ ನಡುವಿಗೆ ಸರಿಯಾಗಿರಲಿ. ದೂರ ಹೆಚ್ಚಿಸಿದಷ್ಟೂ ಚಿತ್ರ ದೊಡ್ಡದು, ಆದರೆ ಮೂಲೆಗಳು ಹೊರಕ್ಕೆ ಎಳೆದಂತಾಗುತ್ತವೆ; ಪಕ್ಕದಲ್ಲಿ ಕೂತವರಿಗೆ ಅರ್ಧ ಚಿತ್ರವೂ ಕಾಣದು. ಸಿಕ್ಕಷ್ಟೂ ದೊಡ್ಡದು ಮಾಡುವುದಕ್ಕಿಂತ ಒಂದೂವರೆ ಪಟ್ಟಿನ ಆಸುಪಾಸಿಗೆ ನಿಲ್ಲಿಸುವುದೇ ಚೆಂದ ಎಂಬುದು ನನ್ನ ಅಭಿಪ್ರಾಯ.

ಕಿಟಕಿಯ ಬಿಸಿಲು ಬೀಳುವಲ್ಲಿ ಇಟ್ಟರೆ ಮರದ ಕ್ಯಾಬಿನೆಟ್ ಸುಟ್ಟು ಬೆಂಕಿ ಹತ್ತುವ ಅಪಾಯ ನಿಜಕ್ಕೂ ಇದೆ. ಬಳಸದಾಗ ಹತ್ತಿ ಬಟ್ಟೆ ಹೊದಿಸುತ್ತೇನೆ. ಪಿವಿಸಿ ಹಾಳೆ ಸುತ್ತಬಾರದು, ತಿಂಗಳುಗಟ್ಟಲೆ ತಾಗಿದರೆ ಮೈಮೇಲೆ ಕಲೆ ಕೂರುತ್ತದೆ. ದೂರದಿಂದ ತರಿಸುವುದಾದರೆ ಮಾರುವವರಿಗೆ ಮೊದಲೇ ಹೇಳಿ ಬಸಿದು ಖಾಲಿ ಮಾಡಿಸಿ. ಪಾರ್ಸೆಲ್ ಎತ್ತಿಹಾಕಿದಾಗ ಒಳಗಿನ ದ್ರವದ ಭಾರ ನೇರ ಬೆಸುಗೆಗೇ ಬಡಿಯುತ್ತದೆ, ನೀರು ತುಂಬಿದ್ದು ಚಳಿನಾಡಿನಲ್ಲಿ ಹೆಪ್ಪುಗಟ್ಟಿ ಒಡೆಯಲೂಬಹುದು.