ಮೆತ್ತಗಿನ ಅಂಗಳದಲ್ಲಿ ಕಾರು ಎತ್ತಿದ್ದು ಹೀಗೆ

ಸುರತ್ಕಲ್‌ನ ನಮ್ಮ ಮನೆಯಂಗಳ ಕೆಂಪು ಮಣ್ಣಿನದು. ಮಳೆಗಾಲದಲ್ಲಿ ಜ್ಯಾಕ್ ತಿರುಗಿಸಿದರೆ ಕಾರು ಏಳುವ ಬದಲು ಜ್ಯಾಕೇ ಮಣ್ಣಿಗಿಳಿದು ವಾಲುತ್ತಿತ್ತು. ಕಿರಗುಟ್ಟುತ್ತಿದ್ದ ಹಿಂದಿನ ಬ್ರೇಕ್ ಡ್ರಮ್ ಕ್ಲೀನ್ ಮಾಡುವುದು ಬಾಕಿಯಿತ್ತು. ಕೊನೆಗೆ ಸಿಟೌಟಿನ ಪಕ್ಕದ ಸಮತಟ್ಟಾದ ಕಾಂಕ್ರೀಟ್ ನೆಲವನ್ನು ಖಾಲಿ ಮಾಡಿ ಕಾರನ್ನು ಅಲ್ಲಿಗೆ ತಂದೆ.

ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವೇ ಮೇಲೆದ್ದರೆ ಕಾರನ್ನು ತಡೆಯುವುದು ಯಾವುದು? ಡ್ರಮ್ ತೆಗೆಯಲು ಹ್ಯಾಂಡ್‌ಬ್ರೇಕ್ ಬಿಡಲೂಬೇಕು. ಹಾಗಾಗಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಮರದ ಅಡೆ ಕೊಟ್ಟೆ, ಫಸ್ಟ್ ಗೇರ್ ಹಾಕಿದೆ. ನಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ, ಅದಕ್ಕೆ ಗೇರ್ ಕೂಡ ನೆರವಾಗುತ್ತದೆ. ಚಕ್ರದ ನಟ್‌ಗಳನ್ನು ಕಾರು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿದೆ.

ಕಾರಿನ ಜೊತೆ ಬರುವ ಜ್ಯಾಕ್ ಟಯರ್ ಬದಲಿಸಲು ಮಾತ್ರ. ಭಾರ ಹೊರಬೇಕಾದದ್ದು ಜ್ಯಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಕಾರಿನ ಕೆಳಗೆ ಇಡುವ ಲೋಹದ ಆಧಾರ. ಮ್ಯಾನುವಲ್ ತೋರಿಸಿದ ಜಾಗದಲ್ಲೇ ಎತ್ತಿ, ಅದರಲ್ಲೇ ಹೇಳಿದ ಗಟ್ಟಿ ಭಾಗದ ಕೆಳಗೆ ಸ್ಟ್ಯಾಂಡ್ ಇಟ್ಟು, ಜ್ಯಾಕನ್ನು ನಿಧಾನ ಇಳಿಸಿ ಭಾರ ಅದರ ಮೇಲೆ ಕೂರಿಸಿದೆ. ಆಮೇಲೆ ಪಕ್ಕದಲ್ಲಿ ನಿಂತು ಕಾರನ್ನು ಅಲುಗಾಡಿಸಿ ನೋಡಿದೆ. ಕದಲಲಿಲ್ಲ.

"ಸುಮ್ನೆ ಎರಡು ಕೆಂಪುಕಲ್ಲು ಇಡು ಮಾರಾಯಾ" ಎಂದರು ಪಕ್ಕದ ಮನೆಯವರು. ದಯವಿಟ್ಟು ಬೇಡ. ಕೆಂಪುಕಲ್ಲಾಗಲಿ, ಸಿಮೆಂಟ್ ಬ್ಲಾಕಾಗಲಿ, ಒಂದೇ ಜಾಗಕ್ಕೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಬಿಚ್ಚಿದ ಚಕ್ರವನ್ನೂ ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟೆ. ಸ್ಟ್ಯಾಂಡ್ ಜಾರಿದರೂ ಅದು ತಡೆಯುತ್ತದೆ, ಅಲ್ವಾ? ಡ್ರಮ್ ಕ್ಲೀನಾಯಿತು, ಕಿರಗುಟ್ಟುವುದೂ ನಿಂತಿತು.